ಮೂರನೇ ಟ್ಯಾಂಕಿನ ತಿಳಿಗೆಂಪು ವೈನ್

ನಾನು ಮೂವತ್ತು ವರ್ಷಕ್ಕೂ ಮೇಲೆ ವೈನ್ ತಯಾರಿಸುವ ಕೆಲಸದಲ್ಲಿದ್ದೆ. ಅಂಕೋಲೆಯ ನಮ್ಮ ನೆಂಟರಲ್ಲಿ ಅರ್ಧ ಜನ ನಾನು ಔಷಧ ಕಂಪನಿಯಲ್ಲಿದ್ದೇನೆ ಎಂದು ತಿಳಿದಿದ್ದರು. ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದವಳು ನನ್ನ ಹೆತ್ತ ಅವ್ವಿ. ಉಳಿದವರು ನಾನು ಸಾರಾಯಿ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂರುತ್ತೇನೆ ಎಂದುಕೊಂಡಿದ್ದರು. ಎರಡನ್ನೂ ತಿದ್ದಲು ಹೋಗಲಿಲ್ಲ.

ಈಗ ಕಾರವಾರದಲ್ಲಿ ಹೋಟೆಲ್ ಕೆಲಸ ಕಲಿಯುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ಮೀನಿಗೆ ಯಾವ ವೈನ್, ಎಷ್ಟು ತಣ್ಣಗಿರಬೇಕು ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಅವರಲ್ಲಿ ಯಾರಾದರೂ ವೈನರಿಗೇ ಸೇರುತ್ತೇವೆ ಎಂದರೆ ಮಾತ್ರ ಚಹಾ ಮಾಡಿಸಿ ಕೂರಿಸಿಕೊಂಡು ನನ್ನ ಕೈಕೆಳಗೆ ದುಡಿದ ಉದಯನ ವಿಷಯ ಹೇಳುತ್ತೇನೆ. ಹೇಳಿ ಹೇಳಿ ಬಾಯಿ ಸೋತಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ.

ಕೆಲಸ ಕಲಿತದ್ದು ನಾಸಿಕದ ಆಚೆಯ ಗುಡ್ಡಗಳ ಮೇಲಿನ ತೋಟವೊಂದರಲ್ಲಿ. ಅಲ್ಲಿ ನನ್ನ ಮೇಲಧಿಕಾರಿ ಬೆಳಗಾವಿ ಕಡೆಯ ಕುಲಕರ್ಣಿ ಸಾಹೇಬರು. ಮಾಘದ ಚಳಿಯಲ್ಲಿ, ಸೂರ್ಯ ಹುಟ್ಟುವ ಮೊದಲೇ, ದ್ರಾಕ್ಷಿ ಕೊಯ್ಯಲು ನಿಲ್ಲಿಸುತ್ತಿದ್ದರು. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಚಳಿಯಲ್ಲಿ ಬೆರಳು ಮಡಚಲು ಬರುತ್ತಿರಲಿಲ್ಲ. "ಈ ಚಳಿ ಇಲ್ಲಂದ್ರ ನಮಗ ಅನ್ನಾ ಇಲ್ಲ ನೋಡಪಾ," ಎನ್ನುತ್ತಿದ್ದರು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ಇರುಳಿನ ಚಳಿ ಅದರ ಹುಳಿಯನ್ನು ಕಾಯುತ್ತದೆ. ಚಳಿ ಸಾಲದ ಸೀಮೆಯಲ್ಲಿ ಹಣ್ಣು ಬೇಗ ಸಿಹಿಯಾಗಿ ಹುಳಿ ಸಾಯುತ್ತದೆ. ವೈನ್ ದಪ್ಪಗಾಗುತ್ತದೆ, ಅಮಲೂ ಹೆಚ್ಚು. ಗ್ಲಾಸಿನ ಆಚೆಗಿನ ಬೆರಳು ಕಾಣುವಷ್ಟು ತಿಳಿಯಾದ, ಬಾಯಿಗೆ ಹಗುರವಾದ ಕೆಂಪು ವೈನ್ ಬೇಕಾದರೆ ಸಿಪ್ಪೆ ತೆಳುವಾಗಿರಬೇಕು, ಸೀಮೆ ತಂಪಾಗಿರಬೇಕು.

ಸಾಹೇಬರು ಫ್ರಾನ್ಸಿನ ಬರ್ಗಂಡಿಯಲ್ಲಿ ಒಂದು ಸುಗ್ಗಿ ಕಳೆದು ಬಂದವರು. ಅಲ್ಲಿಯ ಪಿನೋ ನ್ವಾರ್ ಜಾತಿಯ ಬಳ್ಳಿಯನ್ನು ನಮ್ಮ ಗುಡ್ಡದ ಮೇಲೆ ಎರಡು ಸಲ ನೆಟ್ಟರು. ಎರಡು ಸಲವೂ ಬಿಸಿಲು ಬಲಿತೊಡನೆ ಹಣ್ಣು ಗೊನೆಯಲ್ಲೇ ಸುಕ್ಕಿತು. "ಮದುವಿಗೆ ಬಂದ ಬೀಗರ ಹಂಗ ಇದು. ಒಂಚೂರು ಬಿಸಿ ಆದ್ರ ಸಿಟ್ಟಿಗೇಳತೈತಿ," ಎಂದು ನಕ್ಕರು. ಆದರೆ ಆ ವೈನ್‌ನ ಆಸೆ ಅವರನ್ನು ಬಿಡಲಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ನಮ್ಮೂರ ಕಡೆಗೇ ಬರುವ ಯೋಗ ಬಂತು. ಹುಬ್ಬಳ್ಳಿಯ ಒಬ್ಬ ಹೋಟೆಲ್ ಧಣಿ ಅಮದಳ್ಳಿಯ ಹತ್ತಿರ ಮುಚ್ಚಿಹೋಗಿದ್ದ ಒಂದು ಐಸ್ ಫ್ಯಾಕ್ಟರಿಯನ್ನು ಕೊಂಡಿದ್ದರು. ದಪ್ಪ ಗೋಡೆ, ತಣ್ಣನೆಯ ಕೋಣೆಗಳು ಸಿದ್ಧವಾಗಿಯೇ ಇದ್ದವು. ಘಟ್ಟದ ಮೇಲಿನಿಂದ ದ್ರಾಕ್ಷಿ ತರಿಸಿ ಇಲ್ಲಿ ವೈನ್ ಮಾಡುವುದು, ಕಾರವಾರದಿಂದ ಗೋಕರ್ಣದವರೆಗಿನ ಹೋಟೆಲುಗಳಿಗೆ ಮಾರುವುದು ಅವರ ಲೆಕ್ಕ. ಕುಲಕರ್ಣಿ ಸಾಹೇಬರನ್ನು ಕರೆತಂದರು. ಸಾಹೇಬರು ನನ್ನನ್ನು ಕರೆತಂದರು.

ಧಣಿಗೆ ಬಾಟಲಿಯ ಮೇಲೆ 'ಕಡಲ ತೀರದ ತೋಟ' ಎಂದು ಹಾಕಿಸುವ ಹಂಬಲ. ಬೇಡವೆಂದರೂ ಕೇಳದೆ ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ ಬಳ್ಳಿ ನೆಡಿಸಿದರು. ಬೇಸಿಗೆಯಲ್ಲಿ ಚೆಂದವಾಗಿ ಚಿಗುರಿ ನಮ್ಮನ್ನು ನಾಚಿಸಿತು. ಮಳೆ ಹಿಡಿಯಿತು. ಎಲೆಯ ಅಡಿಗೆಲ್ಲ ಬಿಳಿ ಬೂಷ್ಟು, ಬುಡದಲ್ಲಿ ಕೊಳೆ, ಮೇಲಿಂದ ಉಪ್ಪುಗಾಳಿ. ಶ್ರಾವಣ ಮುಗಿಯುವುದರೊಳಗೆ ಕಂಬ ಮತ್ತು ತಂತಿ ಮಾತ್ರ ಉಳಿದವು. ಸತ್ತ ಬಳ್ಳಿಗಳನ್ನು ಕಿತ್ತು ರಾಶಿ ಹಾಕಿದವನು ಉದಯ.

ಉದಯ ಬೇಲೆಕೇರಿಯವನು, ಮೀನುಗಾರರ ಮನೆಯವನು. ಬಂದರಿನಲ್ಲಿ ಅದಿರು ತುಂಬುವ ಕೆಲಸ ಇದ್ದಷ್ಟು ಕಾಲ ಅಲ್ಲಿ ದುಡಿದಿದ್ದ. ಅದು ನಿಂತ ಮೇಲೆ ಸಿಕ್ಕ ಸಿಕ್ಕ ದೋಣಿ ಹತ್ತಿ, ಕೊನೆಗೆ ನಮ್ಮಲ್ಲಿಗೆ ಬಂದ. ಜೊತೆಗೆ ತಮ್ಮ ಮಂಜುನನ್ನೂ ಕರೆತಂದ. ಮಂಜು ಬಾಟಲಿ ತುಂಬುವ ಕಡೆ, ಉದಯ ನನ್ನ ಕೈಕೆಳಗೆ ಟ್ಯಾಂಕುಗಳ ಕಡೆ. ಉದಯನ ಹೆಂಡತಿ ಸುಮಿತ್ರಾ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಆ ಅಣ್ಣತಮ್ಮಂದಿರ ಅಪ್ಪ ಕುಡಿದು ಕುಡಿದೇ ಸತ್ತವನಂತೆ. ಮದುವೆಗೆ ಮುಂಚೆಯೇ ಸುಮಿತ್ರಾ ಉದಯನಿಂದ ಮಾತು ತೆಗೆದುಕೊಂಡಿದ್ದಳು, ಹೊಟ್ಟೆಗೆ ಒಂದು ತೊಟ್ಟೂ ಇಳಿಸಕೂಡದೆಂದು. ಅಂಥವನು ವೈನ್ ಕೆಲಸಕ್ಕೆ ಬಂದಿದ್ದ. ಆದರೆ ನಮ್ಮಲ್ಲಿ ರುಚಿ ನೋಡುವುದೆಂದರೆ ಬಾಯಲ್ಲಿ ಆಡಿಸಿ ಉಗುಳುವುದು. ಎಲ್ಲರೂ ಉಗುಳುತ್ತೇವೆ. ಅವನು ಉಗುಳಿದ ಮೇಲೆ ಬಾವಿಕಟ್ಟೆಗೆ ಹೋಗಿ ಬಾಯಿಯನ್ನೂ ತೊಳೆದು ಬರುತ್ತಿದ್ದ.

ಮೊದಲ ವರ್ಷ ನಾವು ಮಾಡಿದ್ದು ಶಿರಾಜ್ ದ್ರಾಕ್ಷಿಯ ದಪ್ಪನೆಯ ಕೆಂಪು. ಕುರಿ ಮಾಂಸಕ್ಕೆ ಸರಿ. ಆದರೆ ಕಾರವಾರಕ್ಕೆ ಬಂದವರು ಕುರಿ ತಿನ್ನಲು ಬರುವುದಿಲ್ಲವಲ್ಲ. ಸಾಹೇಬರು ಸುಮಿತ್ರಾಳಿಗೆ ಹೇಳಿ ಬಂಗಡೆಯ ಹುಳಿ ಮಾಡಿಸಿ ತರಿಸಿದರು. ಮುರುಗಲು ಹಾಕಿದ, ಎಣ್ಣೆ ತೇಲುವ ಒಳ್ಳೆಯ ಪದಾರ್ಥ. ಒಂದು ತುತ್ತು ತಿಂದು, ಮೇಲೆ ಒಂದು ಗುಟುಕು ಶಿರಾಜ್ ಬಾಯಿಗೆ ಹಾಕಿಕೊಂಡ ಉದಯ ಮುಖ ಕಿವುಚಿದ.

"ಎಂತಾತೋ?" ಎಂದೆ.

"ಹೊನ್ನಣ್ಣ, ಇದು ಥೇಟ್ ಅದಿರಿನ ಧೂಳು. ಬಂದರದಾಗೆ ಇರ್ಬೇಕಾರೆ ಮಧ್ಯಾಹ್ನ ಊಟಕ್ಕೆ ಕುಂತ್ರೆ ಬಾಯಾಗೆ ಇದೇ ರುಚಿ ಇರ್ತಿತ್ತು."

ಸಾಹೇಬರು ಜೋರಾಗಿ ನಕ್ಕರು. ಅವರೂ ಅದನ್ನೇ ಹೇಳಲು ಹೊರಟಿದ್ದರಂತೆ. ಕೆಂಪು ವೈನ್‌ನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಎಣ್ಣೆ ಮೀನಿಗೆ ತಾಗಿದರೆ ಬಾಯಿ ಕೆಡುತ್ತದೆ. ಸಿಪ್ಪೆಯ ಒಗರು ಅದನ್ನು ಇನ್ನೂ ಎತ್ತಿ ತೋರಿಸುತ್ತದೆ. ಒಗರು ಕಡಿಮೆ ಇರುವ ತಿಳಿಗೆಂಪು ಮಾಡಿ, ಸ್ವಲ್ಪ ತಣ್ಣಗೆ ಮಾಡಿ ಕೊಟ್ಟರೆ ಮೀನಿನ ಜೊತೆ ಜಗಳವಿಲ್ಲ. ಇನ್ನೂ ಮಾಡಿರದ ಆ ವೈನ್‌ಗಾಗಿ ಆ ದಿನವೇ ನಾವು ಅಡುಗೆ ಹುಡುಕಲು ಶುರು ಮಾಡಿದೆವು.

ಮಾಡುವ ವಿಧಾನ ನನಗೂ ಹೊಸದು. ಅದುವರೆಗೆ ಹಣ್ಣನ್ನು ಜಜ್ಜಿ ರಸ ಸಿಪ್ಪೆ ಕೂಡಿಸಿ ಹುಳಿ ಬರಿಸುತ್ತಿದ್ದೆವು. ಇದರಲ್ಲಿ ಗೊನೆಗಳನ್ನು ಜಜ್ಜದೆ ಇಡಿಯಾಗಿಯೇ ಟ್ಯಾಂಕಿಗೆ ತುಂಬುತ್ತಾರೆ. ಒಳಗೆ ಗಾಳಿಯೇ ಇರದಂತೆ ಇಂಗಾಲದ ಅನಿಲ ಬಿಟ್ಟು ಬಾಯಿ ಮುಚ್ಚುತ್ತಾರೆ. ಸೋಡಾ ಬಾಟಲಿಯಲ್ಲಿರುವ ಅನಿಲವೇ ಅದು. ಉಸಿರು ಕಟ್ಟಿದ ಹಣ್ಣು ಒಳಗಿಂದೊಳಗೇ ಹುಳಿಯತೊಡಗುತ್ತದೆ. ಬಣ್ಣ ಇಳಿಯುತ್ತದೆ, ಒಗರು ಅಷ್ಟಾಗಿ ಇಳಿಯುವುದಿಲ್ಲ. ಬಿಸಿಲ ಸೀಮೆಯ ಹಣ್ಣನ್ನೇ ಸ್ವಲ್ಪ ಮುಂಚೆ ಕೊಯ್ದು ಹೀಗೆ ಮಾಡಿದರೆ ತಂಪು ಸೀಮೆಯ ವೈನ್‌ನ ಹತ್ತಿರಕ್ಕೆ ಬರಬಹುದು.

ಬಂತು. ನೇರಳೆ ಹಣ್ಣಿನ ವಾಸನೆ, ಮಾಣಿಕ್ಯದ ಬಣ್ಣ. ಶೆಟ್ಲಿ ಎನ್ನುವ ಸಿಗಡಿಯ ಸುಕ್ಕದ ಜೊತೆ, ತಿಸ್ರೆ ಚಿಪ್ಪಿನ ಜೊತೆ, ಕಾಯಿ ಹೆಚ್ಚು ಹಾಕಿದ ಕೋಳಿಯ ಜೊತೆ ಚೆನ್ನಾಗಿ ಹೊಂದಿತು. ಬಂಗಡೆಯನ್ನು ಹುಳಿ ಮಾಡದೆ ಕೆಂಡದ ಮೇಲೆ ಸುಟ್ಟರೆ ಅದಕ್ಕೂ ಸೈ. ಖಾರ ಜಾಸ್ತಿಯಾದರೆ ಮಾತ್ರ ವೈನ್ ಸೋಲುತ್ತಿತ್ತು. ಅರ್ಗಾ ಕಡೆಯಿಂದ ನೌಕಾನೆಲೆಯ ಅಧಿಕಾರಿಗಳು ಹೆಂಡತಿ ಮಕ್ಕಳೊಡನೆ ಹೋಟೆಲಿಗೆ ಬಂದು ಅದನ್ನೇ ಕೇಳುವಂತಾಯಿತು. ಕುಲಕರ್ಣಿ ಸಾಹೇಬರು ಮೊದಲ ಬಾಟಲಿಯಿಂದ ಗ್ಲಾಸಿಗೆ ಬಗ್ಗಿಸಿ, ಆಚೆಗಿನ ಬೆರಳು ಕಾಣುವುದನ್ನು ನನಗೂ ತೋರಿಸಿದರು. ನನ್ನ ಇಡೀ ಕೆಲಸದಲ್ಲಿ ಅಷ್ಟು ಸಂತೋಷದ ದಿನ ಮತ್ತೊಂದಿಲ್ಲ.

ಆ ವೈನ್‌ನ ಕೆಟ್ಟ ಕೆಲಸವೆಂದರೆ ಕೊನೆಯದು. ರಸ ಬಸಿದ ಮೇಲೆ ಟ್ಯಾಂಕಿನ ತಳದಲ್ಲಿ ಸಿಪ್ಪೆ, ತೊಟ್ಟುಗಳ ರಾಶಿ ಉಳಿಯುತ್ತದೆ. ಕೆಳಗಿನ ಬಾಗಿಲು ತೆಗೆದು, ಗೋರೆಯಿಂದ ಎಳೆದು, ಕೊನೆಗೆ ಒಬ್ಬ ಒಳಗೆ ಹೋಗಿ ಬಾಚಬೇಕು. ಆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ತಳದಲ್ಲೇ ನಿಲ್ಲುತ್ತದೆ. ಸಿಪ್ಪೆಯಿಂದ ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತದೆ. ಬಣ್ಣವಿಲ್ಲ. ವಾಸನೆಯೂ ಇಲ್ಲ, ಮೂಗಿನೊಳಗೆ ಸೋಡಾ ಕುಡಿದಾಗಿನ ಹಾಗೆ ಚುರ್ ಎಂದೀತು, ಅಷ್ಟೇ. ಎರಡು ಉಸಿರು ಎಳೆದರೆ ಕಾಲು ಕುಸಿಯುತ್ತದೆ. ಆದ್ದರಿಂದ ಮೇಲಿನ ಮುಚ್ಚಳ, ಕೆಳಗಿನ ಬಾಗಿಲು ಎರಡನ್ನೂ ತೆರೆದಿಟ್ಟು ಇಡೀ ದಿನ ಫ್ಯಾನ್ ಹಾಕಬೇಕು. ಆಮೇಲೆ ಅನಿಲ ಅಳೆಯುವ ಮೀಟರ್ ಇಳಿಸಬೇಕು. ಸಾಹೇಬರು ಅದು ಸಾಲದೆಂದು ಒಂದು ದೀಪವನ್ನೂ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಒಳಗೆ ಬಿಡುತ್ತಿದ್ದರು.

ಬೇಡಿಕೆ ಹೆಚ್ಚಿದ ಮೇಲೆ ಧಣಿ ಒಬ್ಬ ಮ್ಯಾನೇಜರನನ್ನು ತಂದು ಕೂರಿಸಿದರು. ಸೋಪಿನ ಕಾರ್ಖಾನೆಯಲ್ಲಿದ್ದವನು, ಕೆಟ್ಟವನೆಂದು ಹೇಳಲಾರೆ, ಅವಸರದವನು. ಒಂದೇ ಸುಗ್ಗಿಯಲ್ಲಿ ಪ್ರತಿ ಟ್ಯಾಂಕನ್ನೂ ಎರಡು ಸಲ ತುಂಬಬೇಕೆಂದ. ಮೀಟರ್ ಕೆಟ್ಟಿತು, ಹೊಸದು ಬರುತ್ತದೆ ಬರುತ್ತದೆ ಎಂದ. ಬಾಟಲಿ ತುಂಬುವ ಕೋಣೆಯಲ್ಲಿ ಸೆಕೆ ಎಂದು ಹೆಂಗಸರು ದೂರಿದಾಗ ಟ್ಯಾಂಕಿನ ಫ್ಯಾನನ್ನೇ ಅಲ್ಲಿಗೆ ಒಯ್ದು ಇಡಿಸಿದ. ಸಾಹೇಬರು ಕೂಗಾಡಿದರು. ಆದರೆ ಅದೇ ವಾರ ಮಗಳ ಹೆರಿಗೆಯೆಂದು ರಜೆ ಹಾಕಿ ಬೆಳಗಾವಿಗೆ ಹೋದರು.

ಆ ದಿನ ದ್ರಾಕ್ಷಿಯ ಲಾರಿ ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತಿತು. ಮೆಕ್ಯಾನಿಕ್‌ನನ್ನು ಕರೆದುಕೊಂಡು ನಾನು ಹೋದೆ. ಹೊರಡುವಾಗ ಉದಯನಿಗೆ, "ಮೂರನೇ ಟ್ಯಾಂಕಿನ ಬಾಗ್ಲು ತೆಗ್ದಿಡು. ಫ್ಯಾನ್ ತಂದು ಹಚ್ಚು. ಒಳಗೆ ಹೋಗ್ಬೇಡ, ನಾ ಬತ್ತೆ," ಎಂದೆ. "ಆತು ಹೊನ್ನಣ್ಣ" ಎಂದ. ಲಾರಿ ಸರಿಯಾದ ಮೇಲೆ ಮ್ಯಾನೇಜರಿಗೆ ಫೋನು ಮಾಡಿ, ಹಣ್ಣು ಬಿಸಿಯೇರಿದೆ, ಬಂದ ಕೂಡಲೇ ತಣ್ಣನೆ ಕೋಣೆಗೆ ಹಾಕಬೇಕು ಎಂದು ತಿಳಿಸಿದೆ. ತಣ್ಣನೆ ಕೋಣೆ ತುಂಬಿತ್ತು. ರಸ ಬಸಿದು ಸಿಪ್ಪೆ ಉಳಿದಿದ್ದ ಮೂರನೇ ಟ್ಯಾಂಕನ್ನೇ ಖಾಲಿ ಮಾಡಿ ಹೊಸ ಹಣ್ಣು ತುಂಬಿಸಿಬಿಡೋಣ ಎಂದು ಅವನು ತೀರ್ಮಾನಿಸಿದ. ಫ್ಯಾನ್ ಬಾಟಲಿ ಕೋಣೆಯಲ್ಲೇ ಇದೆ, ಇನ್ನೂ ಹಚ್ಚಿಲ್ಲವೆಂದು ಉದಯ ಹೇಳಿದನಂತೆ. "ಬೆಳಗಿಂದ ಬಾಗಿಲು ತೆಗೆದೇ ಇದೆಯಲ್ಲ, ಇನ್ನೇನು?" ಎಂದನಂತೆ ಮ್ಯಾನೇಜರ್.

ಲಾರಿ ಅಂಗಳಕ್ಕೆ ತಿರುಗುವಾಗಲೇ ಕೂಗು ಕೇಳಿಸಿತು. ಓಡಿ ಒಳಗೆ ಹೋದೆ. ಟ್ಯಾಂಕಿನ ಕೆಳಬಾಗಿಲಲ್ಲಿ ಉದಯನ ಗಮ್‌ಬೂಟುಗಳು ಕಾಣುತ್ತಿದ್ದವು. ಮೈ ಒಳಗೆ ಸಿಪ್ಪೆಯ ರಾಶಿಯ ಮೇಲೆ ಬೋರಲು ಬಿದ್ದಿತ್ತು. ಬಾಟಲಿ ಕೋಣೆಯಿಂದ ಬಂದ ಮಂಜು ಅಂಗಿ ಕಿತ್ತೆಸೆದು ಬಾಗಿಲಿಗೆ ತಲೆ ಹಾಕುತ್ತಿದ್ದ.

ಹಿಂದಿನಿಂದ ಅವನ ಸೊಂಟ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅವನು ಎದ್ದ, ಮತ್ತೆ ಹಿಡಿದೆ.

"ಬಿಡು! ಅಣ್ಣ ಒಳಗಿದ್ದ, ಬಿಡೋ!"

"ಹೋದ್ರೆ ನೀನೂ ಬೀಳ್ತೆ ಮಂಜು. ಗೋರೆ ತರ್ತಿದ್ರು, ಎಳಿತ್ರು ತಡಿ."

"ಅಂವನ ಕಾಲು ಅಲ್ಲಾಡ್ತು! ಕಂಡಿ ನಾನು! ಉಸ್ರು ಆಡ್ತಿದ್ದ ಅಂವ!"

ಮೊಣಕೈಯಿಂದ ನನ್ನ ಮುಖಕ್ಕೆ ತಿವಿದ. ಬಾಯಿಂದ ರಕ್ತ ಬಂತು. ನಾನು ಬಿಡಲಿಲ್ಲ. ಲಾರಿ ಡ್ರೈವರ್ ಉದ್ದನೆಯ ಗೋರೆ ತಂದು, ಬಾಗಿಲ ಹೊರಗೆ ನಿಂತು, ಬೂಟಿಗೆ ಸಿಕ್ಕಿಸಿ ಎಳೆದ; ಬೂಟು ಮಾತ್ರ ಬಂತು. ಎರಡನೆಯ ಸಲ ಸೊಂಟದ ಪಟ್ಟಿಗೆ ಸಿಕ್ಕಿತು. ಅಷ್ಟರಲ್ಲಿ ಫ್ಯಾನ್ ತಂದು ಹಚ್ಚಿದರು. ನಾಲ್ಕು ಜನ ಸೇರಿ ಎಳೆದು ಹೊರಗೆ ಹಾಕಿದರು. ಎದೆ ಒತ್ತಿದೆ, ಬಾಯಿಗೆ ಬಾಯಿ ಇಟ್ಟು ಊದಿದೆ. ಕಾರವಾರದ ಆಸ್ಪತ್ರೆ ಮುಟ್ಟುವವರೆಗೂ ಮಂಜು ಅವನ ಪಾದ ತಿಕ್ಕುತ್ತಿದ್ದ. ಡಾಕ್ಟರು ನಾಡಿ ಹಿಡಿದು ನೋಡಿ ತಲೆಯಾಡಿಸಿದರು.

ಉಸಿರು ಬಿಗಿಹಿಡಿದು ಒಳಗೆ ಹೋಗಬಹುದಿತ್ತಲ್ಲ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಸಿಪ್ಪೆ ಕೆಸರಿನಂತೆ ಜಾರುತ್ತದೆ. ಜಾರುವಲ್ಲಿ ನಿಂತು ತನ್ನಷ್ಟೇ ಭಾರದ ಮನುಷ್ಯನನ್ನು ಎತ್ತುವಾಗ ಉಸಿರು ತಾನಾಗಿ ಹೊರಬರುತ್ತದೆ, ಮುಂದಿನದು ತಾನಾಗಿ ಒಳಗೆ ಹೋಗುತ್ತದೆ. ಒಬ್ಬನನ್ನು ತೆಗೆಯಲು ಹೋಗಿ ಇಬ್ಬರು, ಇಬ್ಬರನ್ನು ತೆಗೆಯಲು ಹೋಗಿ ಮೂವರು ಸಾಯುತ್ತಾರೆ. ಇದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಒಬ್ಬ ತಮ್ಮನನ್ನು ಅಣ್ಣನ ಕಾಲ ಬುಡದಲ್ಲಿ ಹಿಡಿದು ನಿಲ್ಲುವುದು ಹೇಗಿರುತ್ತದೆಂದು ಯಾರೂ ಕಲಿಸಿರಲಿಲ್ಲ.

ಉದಯನ ಮೈ, ಬಟ್ಟೆ, ಕೂದಲು ಎಲ್ಲವೂ ವೈನ್‌ನಲ್ಲಿ ತೊಯ್ದಿತ್ತು. ಆಸ್ಪತ್ರೆಯ ಜಗಲಿಯಲ್ಲೇ ಮ್ಯಾನೇಜರ್ ಪೊಲೀಸರೆದುರು, "ಕುಡಿದಿದ್ದ ಅಂತ ಕಾಣ್ತದೆ. ವಾಸನೆ ನೋಡಿ," ಎಂದ. ಆ ಒಂದು ಮಾತು ನಮಗಿಂತ ಮೊದಲೇ ಬೇಲೆಕೇರಿ ಮುಟ್ಟಿತು. ಹೆಣ ಮನೆಗೆ ಬರುವ ಹೊತ್ತಿಗೆ ಕೇರಿಯಲ್ಲಿ, ಅಪ್ಪನ ದಾರಿಯೇ ಮಗನೂ ಹಿಡಿದ ಎಂದು ಆಡಿಕೊಳ್ಳುತ್ತಿದ್ದರು. ಸುಮಿತ್ರಾ ಅಳಲಿಲ್ಲ. ಹೆಣದ ಹತ್ತಿರ ಬಾಗಿ ಬಾಯಿ ಮೂಸಿದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಮಂಜು ನಡುವೆ ಬಂದು, "ನೀ ಇಲ್ಲಿ ನಿಲ್ಬೇಡ, ಹೋಗು," ಎಂದ. ಹೋದೆ.

ವಿಚಾರಣೆಗೆ ಅಧಿಕಾರಿಗಳು ಬಂದಾಗ ಫ್ಯಾನ್, ಮೀಟರ್, ಮ್ಯಾನೇಜರ್ ಕೊಟ್ಟ ಹುಕುಂ ಎಲ್ಲವನ್ನೂ ಹೇಳಿದೆ. ನನ್ನ ಮಾತಿಗೆ ಬಲ ಕೊಡಬಲ್ಲವರು ಕುಲಕರ್ಣಿ ಸಾಹೇಬರೊಬ್ಬರೇ. ಫೋನಿನಲ್ಲಿ ಹೇಳಿದರು: "ಹೊನ್ನಪ್ಪ, ನಾ ರಜಾದಾಗ ಇದ್ನಿ. ನನಗ ಏನೂ ಗೊತ್ತಿಲ್ಲ ಅಂತ ಬರದು ಕೊಟ್ಟೇನಿ. ಈ ವಯಸ್ಸಿನ್ಯಾಗ ಕೋರ್ಟು ಕಚೇರಿ ನನ್ನ ಕಡಿಂದ ಆಗೂದಿಲ್ಲಪಾ."

"ಫ್ಯಾನ್ ತೆಗ್ದಾಗ ಕೂಗಾಡಿದ್ದು ನೀವೇ ಅಲ್ಲ ಸಾಹೇಬ್ರೆ?"

ಅವರು ಫೋನು ಇಟ್ಟರು. ನನಗೆ ಮೂಗು, ನಾಲಿಗೆ ಕೊಟ್ಟ ಗುರು ಅವರು. ಆಮೇಲೆ ನಾನು ಅವರೊಡನೆ ಮಾತಾಡಿಲ್ಲ. ಈಗ ಅವರು ಇಲ್ಲ.

ಹನ್ನೆರಡನೆಯ ದಿನದ ಕಾರ್ಯ ಕಳೆದ ಮೇಲೆ ಸುಮಿತ್ರಾ ತಾನೇ ನಮ್ಮ ಮನೆಗೆ ಬಂದಳು. ಕೂರಲಿಲ್ಲ.

"ಹೊನ್ನಣ್ಣ, ಒಂದೇ ಕೇಳ್ತೆ. ಅವ್ರು ಕುಡ್ದಿದ್ರಾ?"

"ಇಲ್ಲ ತಂಗಿ. ಒಂದು ದಿನ ನುಂಗ್ಲಿಲ್ಲ ಅಂವ."

"ನಂಗೆ ಗೊತ್ತಿತ್ತು. ಊರಿಗೆ ಯಾರು ಹೇಳ್ತ್ರು? ಪೇಟೆಲಿ ಬುಟ್ಟಿ ಇಟ್ಕಂಡು ಕುಂತ್ರೆ ಹಿಂದಿಂದ ನಗ್ತ್ರು. ಮಂಜು ಬಾಯೇ ಬಿಡುದಿಲ್ಲ. ಮನೆಲಿ ಗ್ವಾಡೆ ಕಡಿಗೆ ಮುಖ ಮಾಡ್ಕಂಡು ಮಲಗ್ತ. ನೀವು ಹಿಡೀದೆ ಇದ್ದಿದ್ರೆ ಅಣ್ಣ ಉಳಿತಿದ್ದ ಅಂತ್ಲೇ ಅಂವಂದು."

ನಾನು ಏನು ಹೇಳಿದರೂ ಅವನು ನಂಬಲಾರನೆಂದು ಗೊತ್ತಿತ್ತು. ಆದರೆ ನಾಲ್ಕನೇ ಟ್ಯಾಂಕು ಆಗಷ್ಟೇ ಬಸಿದು ಸಿಪ್ಪೆಯೊಡನೆ ಹಾಗೇ ನಿಂತಿತ್ತು. ಮ್ಯಾನೇಜರ್ ಶೆಡ್ಡಿನ ಕಡೆ ಮುಖ ಹಾಕಿರಲಿಲ್ಲ. ಬೀಗದ ಕೈ ನನ್ನಲ್ಲೇ ಇತ್ತು. "ನಾಳೆ ಮಂಜುನ ಕರ್ಕಂಡು ಬಾ. ಕೇರಿಯ ಹಿರಿಯರು ಯಾರಾದ್ರೂ ಇದ್ರೆ ಅವ್ರೂ ಬರ್ಲಿ," ಎಂದೆ.

ಮರುದಿನ ಬೆಳಿಗ್ಗೆ ಬಂದರು. ಸುಮಿತ್ರಾ, ಮಂಜು, ಅವರ ಕೇರಿಯ ಇಬ್ಬರು ಮುದುಕರು. ಮಂಜು ನನ್ನ ಮುಖ ನೋಡಲಿಲ್ಲ. ಏಣಿ ಹತ್ತಿ ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದೆ. ಅವರನ್ನೂ ಅಟ್ಟಣಿಗೆಯ ಮೇಲೆ ನಿಲ್ಲಿಸಿ, ಬಾಯೊಳಗೆ ತಲೆ ಹಾಕಬೇಡಿ ಎಂದೆ. ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಹಚ್ಚಿ ಇಳಿಸಿದೆ. ನಮ್ಮ ಮೊಣಕಾಲಿನ ಮಟ್ಟದಲ್ಲಿ ಚೆನ್ನಾಗಿ ಉರಿಯುತ್ತಿತ್ತು. ಇನ್ನೂ ಸ್ವಲ್ಪ ಕೆಳಗೆ ಹೋದದ್ದೇ ಯಾರೋ ಊದಿದಂತೆ ಆರಿತು. ಮೇಲೆಳೆದು ಹಚ್ಚಿ ಮತ್ತೆ ಇಳಿಸಿದೆ. ಅಲ್ಲೇ ಆರಿತು.

"ಹಳೇ ಬಾವಿ ಕಂಡಂಗೆ ಆತು," ಎಂದ ಒಬ್ಬ ಮುದುಕ. "ಇಳಿಬಾರ್ದು ಇಂಥದ್ರಾಗೆ."

ಸುಮಿತ್ರಾ ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು. ಕಂದೀಲು ಹಚ್ಚಿಸಿಕೊಂಡು ತಾನೇ ಇಳಿಸಿದಳು. ಆರಿದ ಮೇಲೂ ಬಹಳ ಹೊತ್ತು ಹಗ್ಗ ಹಿಡಿದು ಕೆಳಗೆ ನೋಡುತ್ತ ನಿಂತಿದ್ದಳು.

ಮಂಜು ಆಗ ಮೊದಲ ಸಲ ನನ್ನ ಕಡೆ ತಿರುಗಿದ. "ಹಂಗಾರೆ ನಾ ಬರ್ಬೇಕಾರೆ ಅಣ್ಣ ಹೋಗಿದ್ನಾ? ಕಾಲು ಅಲ್ಲಾಡ್ದಂಗೆ ಕಂಡಿತ್ತಲ್ಲ ನಂಗೆ."

ಹೋಗಿದ್ದ ಎಂದುಬಿಟ್ಟರೆ ಅವನಿಗೂ ಹಗುರ, ನನಗೂ ಹಗುರ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಂಗೆ ಗೊತ್ತಿಲ್ಲ ಮಂಜು," ಎಂದೆ. "ಜೀವ ಇದ್ದಿದ್ರೂ ಇತ್ತು. ನೀ ಒಳಗೆ ಹೋಗಿದ್ರೆ ಅಂವ ಉಳಿತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ. ನಂಗೆ ಗೊತ್ತಿದ್ದದ್ದು ಅಷ್ಟೇ."

ಅವನು ಅಟ್ಟಣಿಗೆಯ ಮೇಲೆಯೇ ಕುಸಿದು ಕೂತು, ಅಣ್ಣ ಸತ್ತ ದಿನದಿಂದ ಅಳದವನು, ದೊಡ್ಡ ದನಿಯಲ್ಲಿ ಅತ್ತ. ಸುಮಿತ್ರಾ ಅವನ ತಲೆಯನ್ನು ತನ್ನ ಸೆರಗಿಗೆ ಒತ್ತಿಕೊಂಡಳು. ಮುದುಕರು ಇಳಿದು ಹೊರಗೆ ಹೋಗಿ ನಿಂತರು.

ವೈನರಿ ಆ ವರ್ಷವೇ ಮುಚ್ಚಿತು. ಟ್ಯಾಂಕುಗಳನ್ನು ಯಾರೋ ಹಾಲಿನ ಡೇರಿಯವರು ಕೊಂಡೊಯ್ದರು. ಮ್ಯಾನೇಜರ್ ಬೇರೆ ಊರಿನಲ್ಲಿ ಬೇರೆ ಕೆಲಸ ಹಿಡಿದ. ಕೇಸು ಇನ್ನೂ ನಡೆಯುತ್ತಿದೆ. ಕರೆದಾಗ ಹೋಗಿ ಅದನ್ನೇ ಹೇಳಿ ಬರುತ್ತೇನೆ. ಅಂಥ ತಿಳಿಗೆಂಪು ವೈನ್ ಈ ದಂಡೆಯಲ್ಲಿ ಮತ್ತೆ ಯಾರೂ ಮಾಡಿಲ್ಲ.

ಅದಾದ ಮೇಲೆ ಒಂದು ದಿನ ಮೀನಿಗೆಂದು ಅಂಕೋಲೆ ಪೇಟೆಗೆ ಹೋಗಿದ್ದೆ. ಸುಮಿತ್ರಾಳ ಬುಟ್ಟಿಯ ಹತ್ತಿರ ಗಲಾಟೆ. ಚೌಕಾಸಿ ಮಾಡಿ ಸೋತ ಗಿರಾಕಿಯೊಬ್ಬ ಹೋಗುತ್ತ ಹೋಗುತ್ತ, "ಕುಡ್ದು ಟ್ಯಾಂಕಿಗೆ ಬಿದ್ದವನ ಹೆಂಡ್ತಿಗೆ ಎಷ್ಟು ಜೋರು!" ಎಂದಿದ್ದ. ನಾನು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಐಸಿನ ಪೆಟ್ಟಿಗೆ ಹೊತ್ತು ತಂದ ಮಂಜು ಅದನ್ನು ಕೆಳಗಿಟ್ಟು ಅವನ ದಾರಿಗೆ ಅಡ್ಡ ನಿಂತ. ಹೊಡೆಯುತ್ತಾನೆಂದು ಎಲ್ಲರೂ ಎದ್ದರು. ಅವನು ಹೊಡೆಯಲಿಲ್ಲ.

"ನಿಂತು ಕೇಳು," ಎಂದ. ಪೇಟೆಗೆಲ್ಲ ಕೇಳುವಂತೆ ಹೇಳಿದ. "ನಮ್ಮಣ್ಣ ಒಂದು ತೊಟ್ಟು ಕುಡಿತಿರ್ಲಿಲ್ಲ. ಆ ಟ್ಯಾಂಕಿನಾಗೆ ಗಾಳಿ ಇರ್ಲಿಲ್ಲ. ಫ್ಯಾನ್ ಹಾಕ್ದೆ ಒಳಗೆ ಕಳ್ಸಿದ್ರು. ನಾನೂ ಹಿಂದಿಂದ ಹೋಗ್ತಿದ್ದಿ. ಆ ಹೊನ್ನಣ್ಣ ಹಿಡ್ಕಂಡ, ಅದ್ಕೆ ಇವತ್ತು ನಿನ್ನ ಮುಂದೆ ನಿಂತಿ ನಾನು."